ಕಾರ್ಕಳದಿಂದ ಹಾರಿದ ಮೌರಿಸ್ ಅಂಕಲ್

ಎಂಜಿನ್ ಕೆಮ್ಮಿತು. ಒಂದು ಸಲ... ಎರಡು ಸಲ...

ಆಮೇಲೆ ನಿಂತೇ ಹೋಯಿತು!

ಕೆಳಗೆ ಕಾಪು ಲೈಟ್‌ಹೌಸ್. ಅದರಾಚೆ ಬರೀ ಸಮುದ್ರ.

ನಾನು ಎಂತ ಮಾಡುತ್ತಿದ್ದೆ ಗೊತ್ತುಂಟಾ? ನಗುತ್ತಿದ್ದೆ! ಹೊಟ್ಟೆ ಹಿಡಿದುಕೊಂಡು!

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಾನು ಝೀಟಾ. ಉಡುಪಿಯಲ್ಲಿ ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು. 1978ರ ಫೆಬ್ರವರಿಯಲ್ಲಿ ಅಲೆಕ್ಸಾಂಡರ್ ಎಂಬ ವಿದೇಶಿ ಮುದುಕ ಮಣಿಪಾಲದ ಲಾಡ್ಜಿಗೆ ನನ್ನನ್ನು ಕರೆಸಿದ. ಬಿಳಿ ಸೂಟು. ಕೈಗೊಂದು ಹಳೇ ಫೋಟೋ ಕೊಟ್ಟ.

"ಯುದ್ಧಕಾಲದ ಗೆಳೆಯ. ಸಾಯುವ ಮೊದಲು ಒಮ್ಮೆ ನೋಡಬೇಕು."

ಫೋಟೋ ನೋಡಿದೆ. ಕಾರ್ಕಳದ ಮೌರಿಸ್ ಅಂಕಲ್! ಇಪ್ಪತ್ತು ವರ್ಷದಿಂದ ಊರಿನ ಪಂಪ್‌ಸೆಟ್ ರಿಪೇರಿ ಮಾಡುವ ಬಿಳಿ ಮನುಷ್ಯ. ಎಲ್ಲಿಂದ ಬಂದವರೆಂದು ಯಾರಿಗೂ ಗೊತ್ತಿಲ್ಲ.

ಮೊದಲು ಅಂಕಲನ್ನೇ ಕೇಳಬೇಕು ಅನ್ನಿಸಿತು. ಗೊತ್ತಿಲ್ಲ ಎಂದು ಸುಳ್ಳು ಹೇಳಿ ಹೊರಬಿದ್ದೆ. ಸೀದಾ ಕಾರ್ಕಳಕ್ಕೆ.

ಅಂಕಲ್ ಊರಾಚೆಯ ಪಾದೆಕಲ್ಲಿನ ಬಯಲಿನಲ್ಲಿದ್ದರು. ಗೇರುತೋಟಕ್ಕೆ ಔಷಧಿ ಹೊಡೆಯುವ ಎರಡು ಸೀಟಿನ ವಿಮಾನವೊಂದು ಕೆಟ್ಟು ಅಲ್ಲಿ ನಿಂತಿತ್ತು. ಅದರ ರಿಪೇರಿ ಮುಗಿಯುತ್ತಾ ಬಂದಿತ್ತು.

ಫೋಟೋ ತೋರಿಸಿದೆ. ಅಂಕಲ್ ಸ್ಪಾನರ್ ಕೆಳಗಿಟ್ಟರು.

"ಗೆಳೆಯ ಅಲ್ಲ ಮಗಾ. ನನ್ನ ಕಮಾಂಡರ್."

"ಎಂತ ಕಮಾಂಡರ್?"

"ಹಿಟ್ಲರ್ ಯುಗೊಸ್ಲಾವಿಯಾವನ್ನು ಒಡೆದ. ಕ್ರೊಯೇಷಿಯಾ ಅಂತ ಒಂದು ಕೈಗೊಂಬೆ ದೇಶ ಮಾಡಿಸಿದ. ಅದಕ್ಕೊಂದು ವಾಯುಪಡೆ. ನಾನು ಪೈಲಟ್. ಒಂದು ದಿನ ಇವನು ಒಂದು ಹಳ್ಳಿಗೆ ಬಾಂಬ್ ಹಾಕಲು ಹೇಳಿದ. ಅಲ್ಲಿ ಸೈನಿಕರೇ ಇರಲಿಲ್ಲ. ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು..."

"ಹಾಕಿದಿರಾ?"

"ನದಿಗೆ ಹಾಕಿದೆ. ನನ್ನ ಹಿಂದೆ ಬಂದವನು ಹಳ್ಳಿಗೇ ಹಾಕಿದ."

ಅಂಕಲ್ ಅಂಗಿಯೊಳಗಿಂದ ಒಂದು ಪುಸ್ತಕ ತೆಗೆದರು. ಹಾರಾಟದ ಲಾಗ್‌ಬುಕ್. ಒಳಗೆ ಮಡಚಿದ ಕಾಗದ. ಆ ಆಜ್ಞೆ. ಕೆಳಗೆ ಅಲೆಕ್ಸಾಂಡರನ ಸಹಿ!

"ಈಗ ಅವನು ದೊಡ್ಡ ಮನುಷ್ಯ. ಇದು ಹೊರಬಂದರೆ ಜೈಲು. ಇದು ನನ್ನ ಹತ್ತಿರ ಉಂಟೆಂದು ಅವನಿಗೆ ಗೊತ್ತು."

"ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?"

"ಹೆದರಿಕೆ."

ಅಷ್ಟರಲ್ಲಿ ಬಯಲಿಗೆ ಒಂದು ಅಂಬಾಸಿಡರ್ ನುಗ್ಗಿತು. ಬಿಳಿ ಸೂಟು! ನನ್ನ ಬೆನ್ನಿಗೇ ಬಂದಿದ್ದ. ನಾನೆಂಥ ದಡ್ಡಿ!

ಢಂ!

ಗುಂಡು ರೆಕ್ಕೆಯಲ್ಲೊಂದು ತೂತು ಮಾಡಿತು.

"ಹತ್ತು!" ಅಂಕಲ್ ಕೂಗಿದರು.

"ಯಾವುದಕ್ಕೆ?"

"ಇಲ್ಲಿ ಎಷ್ಟು ವಿಮಾನ ಉಂಟು ಮಾರಾಯ್ತಿ!"

ಹತ್ತಿದೆ. ವಿಮಾನ ಕುಪ್ಪಳಿಸಿತು... ಕುಪ್ಪಳಿಸಿತು... ನೆಲ ಬಿಟ್ಟಿತು!

ಅಯ್ಯೋ, ಆ ಸುಖ! ಗೊಮ್ಮಟನ ತಲೆ ನನ್ನ ಕಾಲ ಕೆಳಗೆ! ಅಂಬಾಸಿಡರ್ ಒಂದು ಜೀರುಂಡೆ! ಸೀರೆ ಸೆರಗು ಮುಖಕ್ಕೆ ಹೊಡೆಯುತ್ತಿತ್ತು. ಜಪ, ನಗು ಒಟ್ಟೊಟ್ಟಿಗೆ ಬಾಯಿಂದ ಬರುತ್ತಿದ್ದವು. ಅಂಕಲ್ ಅವರ ಭಾಷೆಯಲ್ಲಿ ಹಾಡುತ್ತಿದ್ದರು. ಮೂವತ್ತಮೂರು ವರ್ಷದ ಮೇಲೆ ಹಾರಿದ್ದಂತೆ!

ಕಾಪು ಬಂತು. ಎಂಜಿನ್ ಕೆಮ್ಮಿತು.

"ಅಂಕಲ್, ಪೆಟ್ರೋಲ್ ಉಂಟಾ?"

"ಇತ್ತು!"

ಆಗಲೇ ನಾನು ನಗಲು ಶುರು ಮಾಡಿದ್ದು.

ಸದ್ದಿಲ್ಲದೆ ತೇಲಿದೆವು. ಬಲೆ ಎಳೆಯುತ್ತಿದ್ದ ಮೊಗವೀರರು ದಿಕ್ಕಾಪಾಲು ಓಡಿದರು. ಚಕ್ರ ಒದ್ದೆ ಮರಳು ಮುಟ್ಟಿತು. ವಿಮಾನದ ಮೂಗು ಮರಳಿಗಿಳಿದು ನಿಂತೆವು. ಬದುಕಿದ್ದೆವು!

ಮುಕ್ಕಾಲು ಗಂಟೆಯಲ್ಲಿ ಅಲೆಕ್ಸಾಂಡರ್ ಬಂದ. ದಾರಿ ಕೇಳುವ ಕಷ್ಟವೇ ಇರಲಿಲ್ಲ. ದಾರಿಯುದ್ದಕ್ಕೂ ಜನ ಆಕಾಶಕ್ಕೆ ಕೈ ತೋರಿಸುತ್ತಿದ್ದರು!

ಪಿಸ್ತೂಲು ಎತ್ತಿದ.

"ಪುಸ್ತಕ ಕೊಡು."

ಅಂಕಲ್ ನನ್ನ ಮುಂದೆ ಬಂದು ನಿಂತರು. "ಇನ್ನು ಹೆದರುವುದಿಲ್ಲ."

ಮೀನು ವ್ಯಾಪಾರಿ ಮೊಯಿದಿನಬ್ಬ ಹಿಂದಿನಿಂದ ಅವನ ತಲೆಗೆ ಬುಟ್ಟಿ ಕವುಚಿದರು. ಬೂತಾಯಿ ಮೀನಿನ ಸಮೇತ! ಗುಂಡು ಆಕಾಶಕ್ಕೆ ಹೋಯಿತು. ನಲವತ್ತು ಮೊಗವೀರರು ಅವನ ಮೇಲೆ ಬಿದ್ದರು.

ಇನ್‌ಸ್ಪೆಕ್ಟರ್ ಬಂದರು. ಅಂಕಲ್ ಲಾಗ್‌ಬುಕ್ ಅವರ ಕೈಗಿಟ್ಟರು.

"ಅವನ ಹೆಸರಿನ ಜೊತೆ ನನ್ನದನ್ನೂ ಬರೆದುಕೊಳ್ಳಿ ಸಾರ್. ಅವತ್ತು ನಾನೂ ಹಾರಿದ್ದೆ."

ಇನ್‌ಸ್ಪೆಕ್ಟರ್ ಎರಡೂ ಹೆಸರು ಬರೆದುಕೊಂಡರು.

"ಅದನ್ನು ದೊಡ್ಡವರು ನೋಡುತ್ತಾರೆ. ಇವತ್ತಿನದ್ದು ಹೇಳಿ. ವಿಮಾನ ಹಾರಿಸಲು ಲೈಸೆನ್ಸ್ ಉಂಟಾ?"

"ಉಂಟು ಸಾರ್," ಅಂದರು ಅಂಕಲ್. "ಕೊಟ್ಟ ದೇಶ ಮಾತ್ರ ಈಗ ಇಲ್ಲ."