ಗ್ಯಾಸ್ ಕೆಟ್ಟಿರುವ ಬಗ್ಗೆ ದೂರು

ಇದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ರೂ ನಾಳೆಯಿಂದ ನಾನು ಮಾತಾಡೋದನ್ನೇ ಬಿಡ್ತೀನಿ. ನಮ್ಮ ಮನೆಯವಳು ಇಪ್ಪತ್ತು ವರ್ಷದಿಂದ ಅದಕ್ಕೇ ಕಾಯ್ತಿದ್ದಾಳೆ, ಪಾಪ.

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಣ್ಣದ ಕಾರ್ಖಾನೆ ಮ್ಯಾನೇಜರು ಏದುಸಿರು ಬಿಡ್ತಾ ಸ್ಟೇಷನ್ನಿಗೆ ಬಂದ್ರು.

"ಗ್ಯಾಸ್ಕೆಟ್ ಹೋಗಿದೆ ಸಾರ್. ಐದು!"

ರೈಟರು ತಲೆ ಎತ್ತದೆ ಬರೆದ: 'ಫಿರ್ಯಾದುದಾರರಿಗೆ ಐದು ದಿನದಿಂದ ಗ್ಯಾಸ್ ಕೆಟ್ಟಿರುತ್ತದೆ.' ಬರೆದವನು, "ಬಿಸಿನೀರು ಕುಡೀರಿ. ಆಸ್ಪತ್ರೆ ಪಕ್ಕದ ಗೇಟು" ಅಂದ.

ಇನ್ಸ್‌ಪೆಕ್ಟರು ಆ ಹಾಳೆ ಹರಿದು ಹಾಕಿ, ಬೇರೆ ಹಾಳೆ ತಗೊಂಡ್ರು. "ಗ್ಯಾಸ್ಕೆಟ್ ಅಂದ್ರೇನು?"

"ಎರಡು ಪೈಪು ಸೇರೋ ಕಡೆ ಮಧ್ಯೆ ಇಡೋ ಬಿಲ್ಲೆ ಸಾರ್. ನಿಮ್ಮನೆ ಕುಕ್ಕರ್ ಮುಚ್ಚಳದಲ್ಲಿ ರಬ್ಬರ್ ಬಳೆ ಇದ್ಯಲ್ಲ, ಅದರ ದೊಡ್ಡಣ್ಣ."

"ಈಗ ಪೈಪ್ ಸೋರ್ತಿದ್ಯಾ?"

"ಅದೇ ಸಾರ್ ಭಯ. ಒಂದು ಹನೀನೂ ಸೋರ್ತಿಲ್ಲ! ಯಾರೋ ನಮ್ಮ ರಬ್ಬರ್ ಕದ್ದು, ಬೇರೇನೋ ಹಾಕಿ ಹೋಗಿದ್ದಾರೆ. ಆ ಸ್ಟೀಮ್ ಲೈನ್ ಪಕ್ಕ ಒಂದು ಹುಡುಗಿ ದಿನಾ ಎಂಟು ಗಂಟೆ ವಾಲ್ವ್ ತಿರುಗಿಸ್ತಾ ನಿಲ್ತಾಳೆ. ಸಿಡಿದ್ರೆ ನೇರ ಮುಖಕ್ಕೇ."

ಒಂಬತ್ತೂವರೆಗೆ ಎಫ್‌ಐಆರ್. ಹತ್ತು ನಲವತ್ತಕ್ಕೆ ಸ್ಥಳ ಪಂಚನಾಮೆ. ಐದೂ ಜಾಯಿಂಟಲ್ಲಿ ಬೋಲ್ಟುಗಳ ಪಕ್ಕ ಸೀಮೆಸುಣ್ಣದ ಅಂಕಿ: ಒಂದರ ಎದುರು ಎರಡು, ಮೂರರ ಎದುರು ನಾಲ್ಕು. ಸುತ್ತ ತಿರುಗಿಸ್ಕೊಂಡು ಹೋಗಿಲ್ಲ, ಎದುರುಬದುರು ಬಿಗಿದಿದ್ದಾರೆ, ಒತ್ತಡ ಸಮ ಬೀಳ್ಲಿ ಅಂತ. ಮಧ್ಯೆ ಕರೀ ಹಾಳೆಯ ಅಂಚು. ಬಳೆಯಷ್ಟು ಗುಂಡಗೆ ಕತ್ತರಿಸಿದ್ದು. ಕೆಳಗೆ ನೆಲ ಫಳಫಳ.

ದಫೇದಾರ ಕೂತು ನೋಡ್ದ. "ನೆಲ ಒರೆಸಿ ಹೋಗೋ ಕಳ್ಳನ್ನ ಇದೇ ಮೊದಲು ನೋಡ್ತಿರೋದು ಸಾರ್. ನಮ್ಮನೆಗೂ ಒಂದ್ಸಲ ಬಂದು ಹೋಗ್ಲಿ."

ಲೈನ್ ತಣ್ಣಗಿರೋದು ವಾರದ ರಜಾ, ಭಾನುವಾರ ಮಾತ್ರ. ಗೇಟ್ ಪುಸ್ತಕದ ಪ್ರಕಾರ ಆವತ್ತು ಒಳಗೆ ಬಂದೋರು ಆರು ಜನ. ಇನ್ಸ್‌ಪೆಕ್ಟರು ಮಧ್ಯಾಹ್ನದವರೆಗೂ ಸ್ಟೋರಲ್ಲಿ ಕೂತು ಗ್ಯಾಸ್ಕೆಟ್ ಕ್ಯಾಟಲಾಗ್ ಓದಿದ್ರು. ಎರಡು ಗಂಟೆಗೆ ಒಬ್ಬೊಬ್ಬರನ್ನೇ ಕರೆದು ಒಂದೇ ಮಾತು: "ಸ್ಟೀಮಿಗೆ ರಬ್ಬರೇ ಸರಿ. ಆ ಕರೀ ಹಾಳೆ ಇವತ್ತೇ ತೆಗೆಸ್ತೀನಿ. ಏನಂತೀರಿ?"

ಐದು ಜನ "ನಿಮ್ಮಿಷ್ಟ ಸಾರ್" ಅಂದ್ರು. ಆರನೆಯವರು ಕ್ಯಾಂಟೀನಕ್ಕ. ಕೈಲಿದ್ದ ಟೀ ತಟ್ಟೆ ಟೇಬಲ್ ಮೇಲೆ ಕುಕ್ಕಿದ್ರು.

"ಯಾವ ಮಹಾನುಭಾವ ಹೇಳಿದ್ದು ನಿಮಗೆ?"

"ಯಾಕಕ್ಕ?"

"ಗ್ಯಾಸ್ಕೆಟ್ ಆರಿಸೋದು ಅಂದ್ರೆ ಗಂಡು ನೋಡಿದ ಹಾಗೆ ಸಾರ್. ಒಳಗೆ ಹರಿಯೋದೇನು, ಎಷ್ಟು ಕಾಯುತ್ತೆ, ಎಷ್ಟು ಒತ್ತುತ್ತೆ, ಪೈಪಿನ ಮುಖ ನುಣುಪೋ ಒರಟೋ, ನಾಲ್ಕೂ ವಿಚಾರಿಸ್ಬೇಕು. ತಣ್ಣೀರಿಗೆ ಈ ರಬ್ಬರ್ ಬಂಗಾರ. ಎಣ್ಣೆಗೆ ಹಾಕಿ, ಊದ್ಕೊಳ್ಳುತ್ತೆ; ಅಲ್ಲಿಗೆ ನೈಟ್ರೈಲ್ ಅನ್ನೋ ಬೇರೆ ಜಾತಿ ರಬ್ಬರ್. ಆಸಿಡ್ಡಿಗೆ ಟೆಫ್ಲಾನ್. ನೂರಾ ಎಂಬತ್ತು ಡಿಗ್ರಿ ಸ್ಟೀಮಿಗೆ ಗ್ರಾಫೈಟ್, ಅದೇ ಆ ಕರೀ ಹಾಳೆ, ಹೊಟ್ಟೇಲಿ ಸ್ಟೀಲ್ ತಗಡಿರೋದು. ಅಲ್ಲಿ ರಬ್ಬರ್ ಇಟ್ರೆ ಬೆಂದು ಇಟ್ಟಿಗೆ ಆಗಿ ಬಿರುಕು ಬಿಡುತ್ತೆ!"

ದಫೇದಾರ ಬಾಯಿ ಹಾಕ್ದ. "ದಪ್ಪದ ರಬ್ಬರ್ ಹಾಕಿದ್ರೆ?"

"ದಪ್ಪಗಿದ್ದೋರೆಲ್ಲ ಗಟ್ಟಿ ಆಗಿದ್ರೆ ನೀವ್ಯಾಕಣ್ಣ ನಾಲ್ಕು ಮೆಟ್ಲಿಗೆ ಕೂತ್ಕೊಂಡ್ರಿ? ಮುಖ ಚೆನ್ನಾಗಿದ್ರೆ ತೆಳ್ಳಗಿರೋದೇ ಮೇಲು."

ಇನ್ಸ್‌ಪೆಕ್ಟರು ಎದ್ದು ತಮ್ಮ ಕುರ್ಚಿ ಅವರಿಗೆ ಕೊಟ್ರು. "ಎಲ್ಲಿ ಕಲಿತ್ರಿ?"

ಆಗ ಅಕ್ಕನಿಗೆ ತಾನು ಏನು ಮಾತಾಡಿಬಿಟ್ಟೆ ಅಂತ ಹೊಳೀತು. ಆದ್ರೂ ಸುಳ್ಳು ಹೇಳ್ಲಿಲ್ಲ. "ಯಜಮಾನ್ರು ಇಲ್ಲೇ ಫಿಟ್ಟರಾಗಿದ್ರು. ಹನ್ನೊಂದು ವರ್ಷದ ಹಿಂದೆ ಇದೇ ಜಾಯಿಂಟ್ ಸಿಡಿದು ಬಲಗೈ ಹೋಯ್ತು. ಈಗ ಅವರು ಹೇಳ್ತಾರೆ, ನಾನು ಕತ್ತರಿಸ್ತೀನಿ."

"ಮ್ಯಾನೇಜರಿಗೆ ಹೇಳ್ಬಹುದಿತ್ತು."

"ಮೂರು ಸಲ ಹೇಳ್ದೆ. 'ಟೀಗೆ ಸಕ್ಕರೆ ಸರಿಯಾಗಿ ಹಾಕಮ್ಮ ಸಾಕು' ಅಂದ್ರು."

"ವಾಲ್ವ್ ತಿರುಗಿಸೋ ಹುಡುಗಿ?"

"ನನ್ನ ಮಗಳು."

ಇನ್ಸ್‌ಪೆಕ್ಟರು ಕ್ಯಾಟಲಾಗ್ ಮುಚ್ಚಿಟ್ರು.

"ಆ ರಬ್ಬರ್‌ಗಳು?"

"ನಾಲ್ಕು ಕುರ್ಚಿ ಕಾಲಿಗೆ ಹಾಕಿದ್ದೀನಿ, ಐದನೇದು ಪಾತ್ರೆ ಕೆಳಗೆ. ಎಲ್ಲಾ ತಗೊಳ್ಳಿ, ನನ್ನೂ ಕರ್ಕೊಂಡು ಹೋಗಿ. ಆ ಕರೀ ಹಾಳೆ ಮಾತ್ರ ತೆಗೀಬೇಡಿ ಸಾರ್."

ನಾಲ್ಕು ಇಪ್ಪತ್ತಕ್ಕೆ ಬಂಧನ. ಕಳವು, ಅನುಮತಿ ಇಲ್ಲದೆ ಯಂತ್ರ ಬಿಚ್ಚಿದ್ದು. ಮ್ಯಾನೇಜರು ಕೈ ಚಾಚಿದ್ರು: "ನಮ್ಮ ರಬ್ಬರ್ ಕೊಡಿಸಿ ಸಾರ್, ಈಗ್ಲೇ ಹಾಕಿಸ್ತೀನಿ."

"ಹಾಕೋ ಹಾಗಿಲ್ಲ." ಇನ್ಸ್‌ಪೆಕ್ಟರು ಚೀಟಿ ಬರೆದ್ರು: 'ಪೈಪಿನಲ್ಲಿರುವ ಈ ಐದು ಕಪ್ಪು ಗ್ಯಾಸ್ಕೆಟ್‌ಗಳು ಮುದ್ದೆಮಾಲು. ಕೋರ್ಟಿನ ತೀರ್ಪಿನವರೆಗೆ ಇದ್ದಲ್ಲೇ ಇರತಕ್ಕದ್ದು. ಬಿಚ್ಚಿದವರ ಮೇಲೆ ಸಾಕ್ಷ್ಯನಾಶದ ಕೇಸು.'

"ತೀರ್ಪು ಯಾವಾಗ ಸಾರ್?"

"ನಿಮಗೆ ಮೊಮ್ಮಕ್ಕಳಿದ್ದಾರಾ? ಅವರಿಗೆ ಹೇಳಿಟ್ಟಿರಿ."

ರೈಟರು ಅರಗು ಕಾಯಿಸಿ ಸೀಲ್ ಒತ್ತೋಕೆ ಹೋದ. ಜೀಪಿನ ಹತ್ತಿರದಿಂದ ಆರೋಪಿ ಕೂಗಿದ್ರು: "ಲೋ ತಮ್ಮಾ, ಆ ಬಿಸಿಗೆ ಅರಗು ನಿಲ್ಲುತ್ತೇನೋ! ತಂತಿ ಸುತ್ತಿ ಸೀಸದ ಸೀಲ್ ಹಾಕು!"

ಸೀಸದ್ದೇ ಹಾಕಿದ್ರು. ಸಲಹೆ ಕೊಟ್ಟಿದ್ದು ಆರೋಪಿ ಅಂತ ಪಂಚನಾಮೇಲೂ ಬರೆದ್ರು. ಒಳಗೆ ಮಗಳು ವಾಲ್ವ್ ತಿರುಗಿಸಿದ್ಲು, ಸ್ಟೀಮ್ ಹುಯ್ಯಂತ ಹರೀತು, ಒಂದು ಹನಿ ಆಚೆ ಬರ್ಲಿಲ್ಲ. ಅಕ್ಕ ಅದನ್ನ ಕೇಳಿಸ್ಕೊಂಡೇ ಜೀಪ್ ಹತ್ತಿದ್ರು. ಜಾಮೀನಿಗೆ ಸಹಿ ಹಾಕಿದ್ದು ದಫೇದಾರನ ಹೆಂಡ್ತಿ. ಆಮೇಲೆ ಜಡ್ಜ್ ಸಾಹೇಬ್ರು ಸ್ಥಳ ನೋಡೋಕೆ ಬಂದೋರು ಅಕ್ಕನ್ನ ಪಕ್ಕಕ್ಕೆ ಕರೆದು, ತಮ್ಮನೆ ಗೀಸರ್ ಯಾಕೆ ಸೋರ್ತಿದೆ ಅಂತ… ಯಾಕ್ರೀ, ಎದ್ದೇಬಿಟ್ರಿ? ಚಪ್ಪಲಿ ಬಿಡಿ, ಆ ಗೀಸರ್ ಒಳಗೆ ಸಿಕ್ಕಿದ್ದು ಏನು ಅಂದ್ರೆ…