ಹರಸದೆ ಎದ್ದು ಹೋದವನು

“ಈ ಸೀಟು ಖಾಲಿ ಇಲ್ಲ!”

ವಿಮಾನ ನಿಲ್ದಾಣದಿಂದ ಜೆರುಸಲೇಮಿಗೆ ಹೊರಟ ಬಸ್ಸಿನಲ್ಲಿ ತಿರ್ಜಾ ತನ್ನ ಪಕ್ಕದ ಸೀಟಿನ ಮೇಲೆ ಕೈಚೀಲ ಕುಕ್ಕಿದಳು. ಎದುರು ನಿಂತಿದ್ದ ಮಿಖಾನ ಮುಖ ಸಣ್ಣದಾಯಿತು.

“ತಿರ್ಜಾ, ಒಂದೇ ಒಂದು ಮಾತು...”

“ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲ, ಹಾಗೇ ಇರ್ಲಿ ಬಿಡು!”

ಆಮ್‌ಸ್ಟರ್‌ಡ್ಯಾಮಿನ ಅವರ ಯೆಹೂದಿ ಪ್ರಾರ್ಥನಾಮಂದಿರ ಸಿನಗಾಗಿನವರೆಲ್ಲ ಆ ಬಸ್ಸಿನಲ್ಲಿದ್ದರು. ಎಲ್ಲರ ಕಣ್ಣೂ ಕಿಟಕಿಯಾಚೆ ಇತ್ತು. ಒಬ್ಬರ ಕಿವಿಯೂ ಕಿಟಕಿಯಾಚೆ ಇರಲಿಲ್ಲ!

ಮಿಖಾ ತಲೆ ತಗ್ಗಿಸಿ ಹಿಂದಿನ ಸಾಲಿಗೆ ಹೋದ.

ಅವನು ಕೊಹೇನ್, ಯಾಜಕರ ವಂಶದವನು. ಧರ್ಮದ ಪ್ರಕಾರ ಕೊಹೇನ್ ಆದವನು ವಿಚ್ಛೇದಿತೆಯನ್ನು ಮದುವೆಯಾಗುವ ಹಾಗಿಲ್ಲ; ಧರ್ಮಗುರು ರಬ್ಬಿಯೂ ಅಂಥ ಮದುವೆ ಮಾಡಿಸುವುದಿಲ್ಲ. ತಿರ್ಜಾಳ ಮೊದಲ ಮದುವೆ ಮುರಿದು ವರ್ಷಗಳಾಗಿದ್ದವು. ಇಬ್ಬರಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರೀತಿ ಹುಟ್ಟಿತ್ತು. ‘ಯೋಚಿಸೋಕೆ ಸ್ವಲ್ಪ ಸಮಯ ಕೊಡು’ ಎಂದು ಹೋದವನು ಆಮೇಲೆ ಒಂದು ಫೋನೂ ಮಾಡಿರಲಿಲ್ಲ.

ಯೋಚಿಸೋಕೆ ಏನಿದೆ? ಸಂತೆಯಲ್ಲಿ ಹಣ್ಣು ಒತ್ತಿ ನೋಡಿ ವಾಪಸ್ ಇಡೋ ಹಾಗೆ ನನ್ನನ್ನು ಇಟ್ಟು ಹೋದ!... ಅವಳ ಕಣ್ಣು ಉರಿಯಿತು. ಆದರೆ ಅಳಲಿಲ್ಲ. ಅಳುವಷ್ಟು ಮೆತ್ತಗಿನ ಸಿಟ್ಟು ಅದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ಹಾಲ್‌ನಲ್ಲಿ ಪ್ರಾರ್ಥನೆ. ಮಿಖಾನ ತಂದೆ ಲಿಯೋಪೋಲ್ಡ್ ಊರಿನಲ್ಲಿದ್ದಾಗಿನಿಂದಲೂ ಎಲ್ಲರಿಗೂ ಸಾರಿದ್ದರು: “ನಮ್ಮಲ್ಲಿ ಕೊಹೇನ್‌ಗಳು ಹರಸೋದು ಹಬ್ಬಕ್ಕೆ ಮಾತ್ರ. ಜೆರುಸಲೇಮಿನಲ್ಲಿ ದಿನಾ! ನಾನೂ ನನ್ನ ಮಗನೂ ಅಲ್ಲಿ ಅಕ್ಕಪಕ್ಕ ನಿಂತು ನಿಮ್ಮನ್ನೆಲ್ಲ ಹರಸ್ತೀವಿ, ನೋಡ್ತಿರಿ!”

ಹೆಂಗಸರ ಕಡೆಯ ತೆಳು ಪರದೆಯ ಹಿಂದೆ, ವಯಸ್ಸಾದ ಸೆಲ್ಮಾ ಆಂಟಿಯ ಪಕ್ಕದಲ್ಲಿ ತಿರ್ಜಾ ಕುಳಿತಿದ್ದಳು. ಹರಸುವ ಮುನ್ನ ಕೊಹೇನ್‌ಗಳು ಮಾಡಬೇಕಾದಂತೆ ಲಿಯೋಪೋಲ್ಡ್ ಬೂಟು ಕಳಚಿ, ಕೈ ತೊಳೆದು ಬಂದರು. ಮಿಖಾ ಬೂಟು ಕಳಚಲಿಲ್ಲ. ‘ಕೊಹೇನ್‌ಗಳೇ!’ ಎಂಬ ಕರೆ ಬರುವ ಮುಂಚೆಯೇ ಎದ್ದು, ಪರದೆಯ ಕಡೆಗೊಮ್ಮೆ ನೋಡಿ, ಹೊರಗೆ ನಡೆದುಬಿಟ್ಟ.

“ಅಯ್ಯೋ, ಇವನಿಗೇನಾಯ್ತೇ?” ಎಂದರು ಸೆಲ್ಮಾ.

ತಿರ್ಜಾಗೆ ಮೈಯೆಲ್ಲ ಬೆಂಕಿ. ಕೊಹೇನ್ ಪ್ರೀತಿಯಿಂದಲೇ ಹರಸಬೇಕು. ಸೇರಿದವರಲ್ಲಿ ಯಾರ ಮೇಲಾದರೂ ದ್ವೇಷವಿದ್ದರೆ ಎದ್ದು ಹೊರಗೆ ಹೋಗಬೇಕು. ಚಿಕ್ಕಂದಿನಿಂದ ಕೇಳಿ ಬೆಳೆದ ಮಾತು.

ಅಂದರೆ... ನಾನು ಕುಳಿತಿರುವ ಕೋಣೆಯನ್ನು ಹರಸಲಾರದಷ್ಟು ದ್ವೇಷವೇ!

“ಆಶೀರ್ವಾದದ ಹೊತ್ತಲ್ಲಿ ಎದ್ದು ಹೋಗ್ತಾರೇನೇ, ಹುಡುಗಿ?” ದಡಕ್ಕನೆ ಎದ್ದ ತಿರ್ಜಾಳ ತೋಳನ್ನು ಸೆಲ್ಮಾ ಹಿಡಿದರು.

“ನನ್ನ ಪಾಲಿನದು ನೀವೇ ತಗೊಳ್ಳಿ ಆಂಟಿ!”

ಮೊಗಸಾಲೆಯಲ್ಲಿ ಮಿಖಾ ಗೋಡೆಗೊರಗಿ ನಿಂತಿದ್ದ.

“ಒಂದು ಸಲ ಬಸ್ಸಲ್ಲಿ ಬೈದಿದ್ದಕ್ಕೆ ಇಷ್ಟು ದ್ವೇಷವಾ? ನನ್ನಿಂದಾಗಿ ಊರವರಿಗೂ ಆಶೀರ್ವಾದ ಬೇಡ್ವಾ?”

“ದ್ವೇಷ?” ಅವನು ಬೆಚ್ಚಿದ. “ತಿರ್ಜಾ... ವಿಚ್ಛೇದಿತೆಯನ್ನ ಮದುವೆಯಾಗ್ತೀನಿ ಅಂತ ತೀರ್ಮಾನ ಮಾಡಿರೋನು ಯಾವ ಮುಖ ಇಟ್ಕೊಂಡು ಅಲ್ಲಿ ನಿಂತು ಹರಸಲಿ? ಆ ಹಕ್ಕು ಬಿಟ್ಟುಬಿಟ್ಟೆ. ರಬ್ಬಿಗೆ ಊರಲ್ಲೇ ಹೇಳ್ದೆ. ಅಪ್ಪನಿಗೆ ನಿನ್ನೆ ವಿಮಾನದಲ್ಲಿ ಹೇಳ್ದೆ. ಅಲ್ಲೀತನಕ ಧೈರ್ಯವೇ ಬಂದಿರ್ಲಿಲ್ಲ.”

ಒಳಗೆ ಲಿಯೋಪೋಲ್ಡರ ಒಂಟಿ ದನಿ ನಡುಗುತ್ತಾ ಹರಸುತ್ತಿತ್ತು.

ಮರುಕ್ಷಣ ತಿರ್ಜಾಳ ಸಿಟ್ಟು ದುಪ್ಪಟ್ಟಾಗಿ ಎದ್ದಿತು.

“ರಬ್ಬಿಗೆ ಹೇಳ್ದೆ. ಅಪ್ಪನಿಗೆ ಹೇಳ್ದೆ. ಮದುವೆಯಾಗಬೇಕಾದವಳನ್ನ ಯಾವಾಗ ಕೇಳ್ದೆ?”

ಅಷ್ಟರಲ್ಲಿ ಬಾಗಿಲು ತೆರೆಯಿತು. ಬರಿಯ ಕಾಲುಚೀಲದಲ್ಲೇ ಹೊರಬಂದ ಲಿಯೋಪೋಲ್ಡರ ಕಣ್ಣು ಕೆಂಪಾಗಿತ್ತು.

“ನನ್ನ ಪಕ್ಕ ಇವತ್ತು ಬರೀ ಗಾಳಿ ನಿಂತಿತ್ತು! ಸಂತೋಷವಾಯ್ತೇನಮ್ಮ ನಿನಗೆ?”

“ನನಗೆ ಈಗಷ್ಟೇ ಗೊತ್ತಾಯ್ತು ಅಂಕಲ್! ನನಗಿಂತ ಮುಂಚೆ ನಿಮಗೇ ಗೊತ್ತಿತ್ತು. ಸಂತೋಷಪಡೋಕೆ ಯಾರು ಬಿಟ್ರು?”

ಮುದುಕರು ಮಗನ ಕಡೆ ತಿರುಗಿದರು. “ಇವಳನ್ನ ಇನ್ನೂ ಕೇಳೇ ಇಲ್ವಾ?”

ಮಿಖಾ ಇಲ್ಲವೆಂದು ತಲೆಯಾಡಿಸಿದ.

“ಕತ್ತೆ! ನನ್ನ ಎದೆ ಒಡೆಯೋ ಮೊದಲು ಇವಳು ಒಪ್ತಾಳಾ ಅಂತಾದ್ರೂ ಕೇಳ್ಬಾರ್ದಿತ್ತೇನೋ?” ಅವರು ಬಾಗಿಲ ಕಡೆ ಹೆಜ್ಜೆ ಹಾಕಿ ನಿಂತರು. “ನನ್ನ ಸಿಟ್ಟು ಇಳಿದಿಲ್ಲ. ಸದ್ಯಕ್ಕೆ ಇಳಿಯೋದೂ ಇಲ್ಲ. ಆದ್ರೆ ಕೇಳೋದನ್ನ ಸರಿಯಾಗಿ ಕೇಳು.”

ಬಾಗಿಲು ಮುಚ್ಚಿತು.

“ರಬ್ಬಿ ನಮ್ಮ ಮದುವೆ ಮಾಡಿಸಲ್ಲ,” ಮಿಖಾ ಮೆಲ್ಲನೆ ಹೇಳಿದ. “ಚಪ್ಪರ ಇರಲ್ಲ. ನಗರಸಭೆಯಲ್ಲಿ ಸಹಿ ಅಷ್ಟೇ. ಹಾಗಿದ್ರೂ... ನನ್ನನ್ನ ಮದುವೆಯಾಗ್ತೀಯಾ?”

ತನಗಾಗಿ ಅವನು ಏನನ್ನು ಕಳಚಿಟ್ಟು ಬಂದಿದ್ದಾನೆಂದು ಈಗ ತಿರ್ಜಾಳ ಎದೆಗೆ ಇಳಿಯತೊಡಗಿತ್ತು. ಅದೂ ಒಂದು ಸಿಟ್ಟೇ, ಆದರೆ ಬೈಯಲಾಗದ ಸಿಟ್ಟು.

“ನನ್ನ ಸಿಟ್ಟು ಇಳಿದ ಮೇಲೆ ಹೇಳ್ತೀನಿ.”

“ಎಷ್ಟು ದಿನ ಬೇಕಾಗುತ್ತೆ?”

“ಸರಿಯಾಗಿ ಗೊತ್ತಿಲ್ಲ...” ತಿರ್ಜಾ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. “ಮದುವೆಯಾಗಿ ಒಂದು ಹತ್ತು ವರ್ಷ ಆಗ್ಬಹುದು.”