ಸೀರೆಪೆಟ್ಟಿಗೆಯ ರಾಣಿ

ಪುಷ್ಯದ ಚಳಿ. ಹುಂಚದ ಕಡೆಯ ಗುಡ್ಡಗಳ ಮೇಲೆ ಕೂತ ಮಂಜು ಹತ್ತು ಗಂಟೆಯಾದರೂ ಏಳುವ ಮನಸ್ಸು ಮಾಡಿರಲಿಲ್ಲ. ಹೊರಗೆ ಕಣದಲ್ಲಿ ಒಕ್ಕಣೆ ನಡೆದಿತ್ತು.

ಧರ್ಮಾವತಿ ಮಾತ್ರ ಒಳಗಿನ ಕತ್ತಲೆಕೋಣೆಯಲ್ಲಿ ಮಂಡಿಯೂರಿದ್ದಳು. ಅಮ್ಮನ ಸೀರೆಪೆಟ್ಟಿಗೆಯ ನಾಲ್ಕು ಕಾಲಿನ ಕೆಳಗೂ ಬಟ್ಟಲಿಟ್ಟು, ಇರುವೆ ಹತ್ತದಂತೆ ನೀರು ತುಂಬಿದ್ದಾಗಿತ್ತು. ಈಗ ಪೆಟ್ಟಿಗೆಗೆ ಗೋಣಿತಾಟು ಸುತ್ತುತ್ತಿದ್ದಳು.

ಪೆಟ್ಟಿಗೆ ಗುನುಗುತ್ತಿತ್ತು.

ಅಮ್ಮ ತೀರಿಕೊಂಡ ಮೂರನೇ ತಿಂಗಳು ತುಡುವೆ ಜೇನಿನ ಹಿಂಡೊಂದು ಕಿಟಕಿಯಿಂದ ಬಂದು, ಬೀಗದ ತೂತಿನಲ್ಲಿ ಇಳಿದು, ಅದರೊಳಗೆ ಸಂಸಾರ ಹೂಡಿತ್ತು. ಜೈನರ ಮನೆ. ಜೇನುತುಪ್ಪವನ್ನು ನಾಲಿಗೆಗೆ ಸೋಕಿಸದವರು, ಹೊಗೆ ಹಾಕಿ ಹುಳುವನ್ನು ಓಡಿಸಲಾರದವರು. ಅಪ್ಪ ಪದ್ಮಣ್ಣ "ಇರ್ಲಿ ಬಿಡಿ" ಎಂದು ಬಾಗಿಲೆಳೆದುಕೊಂಡಿದ್ದರು.

ಅಂದಿನಿಂದ ಸಂಜೆಯಾದರೆ ಆ ಮುಚ್ಚಿದ ಕೋಣೆಯಿಂದ ಒಂದು ದನಿ... ಅಕ್ಕಿ ಆರಿಸುವಾಗ ಅಮ್ಮ ಗುನುಗುತ್ತಿದ್ದಳಲ್ಲ, ಥೇಟ್ ಹಾಗೇ!

"ಹೋದವಳು ಹೋಗಿಲ್ಲ ಕಣೇ," ಅನ್ನುತ್ತಿದ್ದಳು ಸೋದರತ್ತೆ ಚಂದ್ರಮತಿ. ಧರ್ಮಾವತಿ ಇಲ್ಲವೆನ್ನುತ್ತಿರಲಿಲ್ಲ. ದಿನವೂ ಒಂದು ಗಳಿಗೆ ಪೆಟ್ಟಿಗೆಗೆ ಕಿವಿಯಾನಿಸಿ ಕೂರುತ್ತಿದ್ದಳು.

ಈ ಚಳಿಗಾಲ ಆ ದನಿ ದಿನದಿನಕ್ಕೂ ಸಣ್ಣದಾಗುತ್ತಿತ್ತು. ಬೆಳಗ್ಗೆದ್ದರೆ ನೆಲದ ತುಂಬ ಸತ್ತ ಹುಳುಗಳು. ಅಮ್ಮ ಇನ್ನೊಂದು ಸಲ ಸಾಯ್ತಿದ್ದಾಳಾ...?

"ಅಷ್ಟು ಬಿಗಿ ಸುತ್ತಬೇಡಿ. ಉಸಿರು ಕಟ್ಟುತ್ತೆ."

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಎತ್ತರದ ಆಳೊಂದು ನಿಂತಿತ್ತು. ಅದಕ್ಕೆ ಮುಖವೇ ಇರಲಿಲ್ಲ!

ಗೋಣಿತಾಟು ಬಿಟ್ಟು ಹಿಂದೆ ಸರಿದಳು. ಆ ಆಳು ಗಡಿಬಿಡಿಯಿಂದ ತಲೆಯ ಮೇಲಿನ ಕಪ್ಪು ಬಲೆಯನ್ನು ಎತ್ತಿತು. ಒಳಗೆ ಎಳೆಯ ಮೀಸೆ, ಹೆದರಿದ ಎರಡು ಕಣ್ಣು.

"ತಪ್ಪಾಯ್ತು! ನಾನು ಜೇನು ಸಂಘದ ಫೀಲ್ಡ್‌ಮನ್. ಶಾಂತರಾಜ ಅಂತ, ಕೋಣಂದೂರು. ನೀವು ಹೇಳಿ ಕಳಿಸಿದ್ರಂತೆ."

ಹಿಂದೆಯೇ ನೆರೆಮನೆಯ ಮಂಜಯ್ಯನೂ ಅತ್ತೆಯೂ ಬಂದರು. ಸಂಘದ ನಾಲ್ಕು ಪೆಟ್ಟಿಗೆ ಸಾಕಿದ್ದ ಮಂಜಯ್ಯನೇ ಸುದ್ದಿ ಮುಟ್ಟಿಸಿದವನು.

"ಶಾಂತರಾಜನಾ? ನಮ್ಮ ಜೈನನಾಗಿ ತುಪ್ಪ ಹಿಂಡೋ ಕೆಲಸಾನಾ ಮಾರಾಯಾ?" ಅತ್ತೆ ಕೆಣಕಿದಳು.

"ಹಿಂಡೋರು ಬೇರೆ ಅಮ್ಮಾ. ಚಳೀಲಿ ಸಾಯದ ಹಾಗೆ ನೋಡ್ಕೊಳ್ಳೋನು ನಾನು. ತುಪ್ಪದ ರುಚಿ ಇವತ್ತಿಗೂ ಗೊತ್ತಿಲ್ಲ."

ಧರ್ಮಾವತಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಅವನು ನೋಡಿಬಿಟ್ಟ. ಅವಳು ತಲೆ ತಗ್ಗಿಸಿದಳು.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅಮ್ಮನ ಹಸಿರು ಸೀರೆಯ ಮೇಲೆ ಮೇಣದ ಘಮ. ಶಾಂತರಾಜ ಮೇಣದ ಎರಿಗಳನ್ನು ಒಂದೊಂದೇ ಬಿಡಿಸಿ, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ತಾನು ತಂದ ಹೊಸ ಪೆಟ್ಟಿಗೆಗೆ ಇಳಿಸುತ್ತ ಹೋದ. ಬೆರಳಿಗೆ ಅವಸರವೇ ಇಲ್ಲ. ಒಂದು ಎರಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತ.

"ರಾಣಿಗೆ ಮುಪ್ಪು. ಈಗ ಅವಳ ಮೊಟ್ಟೇಲಿ ಬರೀ ಗಂಡುಹುಳ ಹುಟ್ಟುತ್ತೆ. ದುಡಿಯೋವು ಹುಟ್ಟೋಲ್ಲ. ಹೀಗೇ ಬಿಟ್ರೆ ಮಾವು ಹೂ ಬಿಡೋ ಹೊತ್ತಿಗೆ ಪೆಟ್ಟಿಗೆ ಖಾಲಿ."

"ಉಳಿಸೋಕೆ ದಾರಿ ಇಲ್ವಾ?"

"ಇದೆ." ನೆರೆಮನೆಗೆ ಹೋಗಿ ಮಂಜಯ್ಯನ ಗೂಡಿನಿಂದ ತಂದ, ಮೊಟ್ಟೆ ತುಂಬಿದ ಎರಿಯೊಂದನ್ನು ಒಳಗಿಟ್ಟ. "ಇದರಿಂದ ಅವೇ ಹೊಸ ರಾಣೀನ ಬೆಳೆಸ್ಕೋತಾವೆ."

ಪೆಟ್ಟಿಗೆ ಮುಚ್ಚುವ ಮೊದಲು ಅವನ ಕೈ ಸರಕ್ಕನೆ ಜೇಬಿಗೆ ಹೋಯಿತು.

"ಅದೆಂತ?" ಧರ್ಮಾವತಿ ಕೇಳಿದಳು.

"ಎಂ... ಎಂತದೂ ಇಲ್ಲ." ಅವನ ಕಿವಿ ಕೆಂಪಾಗಿತ್ತು.

ಆ ಸಂಜೆ ಪೆಟ್ಟಿಗೆ ಗುನುಗಲಿಲ್ಲ.

ಅತ್ತಿತು!

ಸಾವಾದ ಮನೆಯಲ್ಲಿ ಹೆಂಗಸರೆಲ್ಲ ಒಟ್ಟಿಗೆ ಎತ್ತುವಂಥ ದನಿ. ಏರುತ್ತ, ಇಳಿಯುತ್ತ, ಮತ್ತೆ ಏರುತ್ತ... ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು. ಧರ್ಮಾವತಿ ಹತ್ತಿರ ಹೋಗಿ ಅಂಗೈಯಿಟ್ಟಳು. ಹಲಗೆ ನಡುಗುತ್ತಿತ್ತು, ಜ್ವರ ಬಂದವರ ಮೈಯಂತೆ.

ಮರುದಿನ ಮಂಜಯ್ಯನನ್ನು ಕೇಳಿದಳು.

"ರಾಣಿ ಇಲ್ದಿದ್ರೆ ಹಾಗೇ ಕೂಗ್ತಾವೆ ಕಣಮ್ಮ. ಮುದಿಯವಳನ್ನ ಹೊಸಕಿ ಹಾಕಿರ್ತಾನೆ. ಅವಳಿದ್ರೆ ಹೊಸಬಳನ್ನ ಬೆಳೆಸೋಲ್ಲ, ಅದೇ ಕ್ರಮ. ಸಂಘದ ಪುಸ್ತಕದಲ್ಲೇ ಅಚ್ಚು ಹಾಕಿದಾರೆ."

ಹೊಸಕಿ ಹಾಕಿದನೇ? ನಮ್ಮವನಾಗಿ! ಅಷ್ಟು ಮೆತ್ತಗಿದ್ದ ಆ ಬೆರಳುಗಳಲ್ಲೇ...?

ಎಂಟನೇ ದಿನ ಶಾಂತರಾಜ ಸಕ್ಕರೆ ಪಾಕದ ತಂಬಿಗೆ ಹಿಡಿದು ಬಂದ. ದಾರಿಯಲ್ಲಿ ಜೊತೆಯಾದ ಮಂಜಯ್ಯ ಪಕ್ಕದಲ್ಲಿದ್ದ. ಧರ್ಮಾವತಿ ಹೊಸಿಲಿಗೆ ಅಡ್ಡ ನಿಂತಳು.

"ಹಳೇ ರಾಣಿ ಎಲ್ಲಿ?"

ಅವನು ಮಂಜಯ್ಯನ ಮುಖ ನೋಡಿದ. ನೆಲ ನೋಡಿದ. ಜೇಬು ಮುಟ್ಟಿಕೊಂಡ.

"ನಮ್ಮಮ್ಮನ್ನ ಕೊಂದ ಕೈ ಈ ಮನೆಯೊಳಗೆ ಬರೋದು ಬೇಡ!"

ಬಾಗಿಲು ಹಾಕಿಕೊಂಡಿತು. ತುಂಬ ಹೊತ್ತಿನ ಮೇಲೆ ತೆರೆದು ನೋಡಿದರೆ ಜಗಲಿಯ ಮೇಲೆ ತಂಬಿಗೆ ಒಂದೇ ಇತ್ತು. ಅಳುತ್ತಲೇ ಆ ಪಾಕವನ್ನು ಹುಳುಗಳಿಗಿಟ್ಟಳು. ಅವನ ಮೇಲಿನ ಸಿಟ್ಟಿಗಿಂತ, ಅವನು ಹಾಗಿರಬಾರದಿತ್ತು ಎಂಬ ಸಂಕಟವೇ ಹೆಚ್ಚಾಗಿತ್ತು.

ಪೆಟ್ಟಿಗೆಯ ಅಳು ಎಂದೋ ನಿಂತಿತ್ತು. ಅದರ ಬದಲು ಮೌನ. ಇನ್ನೂ ಒಂದು ವಾರ ಕಿವಿಯಿಟ್ಟು ಕಾದಳು.

ಹದಿನಾರನೇ ದಿನ ಹೊತ್ತಿಳಿಯುವಾಗ, ಒಳಗಿಂದ...

ಪೀಂ... ಪೀಂ... ಪೀಂ...

ಅದು ಹುಳುವಿನ ದನಿಯಲ್ಲ. ಯಾರೋ ಕರೆಯುತ್ತಿದ್ದರು! ದನಿ ನಿಂತಿತು. ಆಮೇಲೆ, ಇನ್ನೂ ಆಳದಿಂದ, ಬಾಯಿಗೆ ಬಟ್ಟೆಯಿಟ್ಟಂತೆ ಮಂದವಾಗಿ, ಇನ್ನೊಂದು ದನಿ ಓಗೊಟ್ಟಿತು.

"ಕರೀತಿದಾಳೆ ಕಣೇ! ಯಾರೋ ಓ ಅಂತಿದಾರೆ!" ಅತ್ತೆ ಹೊರಗೋಡಿದಳು. ಓಡಿದವಳು ಅಂಗಳದ ಮಂಜಿನಲ್ಲಿ ಯಾರಿಗೋ ಡಿಕ್ಕಿ ಹೊಡೆದು ಚೀರಿದಳು.

ಶಾಂತರಾಜ! ಈ ಸಲ ಒಬ್ಬನೇ. ಅಪ್ಪಣೆ ಕೇಳದೆ ಒಳಗೆ ಬಂದು ಪೆಟ್ಟಿಗೆಯ ಮುಂದೆ ಕೂತ. ಅವನ ಮುಖ ಅರಳಿತು.

"ಹುಟ್ಟಿದಾಳೆ! ಗೂಡಿಂದ ಹೊರಗೆ ಬಂದ ಹೊಸ ರಾಣಿ ಹೀಗೇ ಕೂಗೋದು. ಇನ್ನೂ ಗೂಡಲ್ಲಿರೋ ಅವಳ ತಂಗಿ ಉತ್ತರ ಕೊಡ್ತಿದಾಳೆ. ಹಗಲು ಹೊತ್ತು ಗಂಡುಹುಳಗಳ ಜೊತೆ ಹಾರಿ ಬಂದ್ರೆ, ಹೂವಿನ ಕಾಲಕ್ಕೆ ನಿಮ್ಮ ಪೆಟ್ಟಿಗೆ ತುಂಬುತ್ತೆ."

ಧರ್ಮಾವತಿಯ ಕಣ್ಣು ತುಂಬಿ ಬಂತು. "ಹಳಬಳನ್ನ ಕೊಂದು..."

ಅವನು ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದ. ಅದರ ಒಂದು ಬದಿ ಕತ್ತರಿಸಿ ಬಲೆ ಅಂಟಿಸಿತ್ತು. ಒಳಗೆ ನಾಲ್ಕೈದು ಹುಳುಗಳ ನಡುವೆ ರೆಕ್ಕೆ ಸವೆದ, ಉದ್ದ ಮೈಯ ಒಂದು ಜೀವ ಮೆಲ್ಲಗೆ ಹೆಜ್ಜೆ ಎತ್ತಿಡುತ್ತಿತ್ತು.

"ಹೊಸಕಬೇಕು ಅಂತ ಕಾಯ್ದೆ. ನನ್ನ ಕೈಲಿ ಆಗೋಲ್ಲ. ಮಂಜಯ್ಯನೋರ ಎದುರು ಹೇಳಿದ್ರೆ ಆಫೀಸಿಗೆ ಮುಟ್ಟುತ್ತೆ, ಕೆಲಸ ಹೋಗುತ್ತೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಮೈಯ ಬಿಸಿ ತಾಗ್ಲಿ ಅಂತ ಜೇಬಲ್ಲೇ ಇಟ್ಕೊಂಡು ತಿರುಗ್ತಿದೀನಿ. ಕೂಡಿ ಹಾಕೋದೂ ಪಾಪಾನೇ... ಆದ್ರೆ ಕೊಲ್ಲೋದಕ್ಕಿಂತ ಸಣ್ಣದು."

ಅವಳು ಬೆಂಕಿಪೊಟ್ಟಣವನ್ನು ಅಂಗೈಯಲ್ಲಿ ತೆಗೆದುಕೊಂಡಳು. ಇಷ್ಟು ದಿನ ಇವನು ಎದೆಯ ಹತ್ತಿರ ಇಟ್ಟುಕೊಂಡಿದ್ದ ಬಿಸಿ ಇನ್ನೂ ಅದರಲ್ಲಿತ್ತು.

"ನನ್ನ ಮಾತು..."

"ಅದನ್ನ ಬಿಡಿ. ಮನೇಲಿ ಇಂಥವು ಇನ್ನೂ ಮೂರಿವೆ. ಇಷ್ಟು ರಾಣಿಯರನ್ನ ತಂದ್ಯಲ್ಲ, ಸೊಸೆ ಯಾವಾಗ ಅಂತ ನಮ್ಮವ್ವ ಬೈತಿರ್ತಾಳೆ."

ಹೇಳಿದ ಮೇಲೆ ತಾನೇ ಗಾಬರಿಯಾದ.

"ಇವಳ ಆಯಸ್ಸು ಇನ್ನೆಷ್ಟು?" ಅವಳು ಕೇಳಿದಳು.

"ವಾರ. ಹೆಚ್ಚೆಂದ್ರೆ ಹತ್ತು ದಿನ."

"ನೀವೇ ಇಟ್ಕೊಳ್ಳಿ." ಎರಡೂ ಕೈಯಿಂದ ಅದನ್ನು ಹಿಂದಿರುಗಿಸಿದಳು. ಅಮ್ಮನನ್ನು ಕಳಿಸಿಕೊಡುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. "ಅಪ್ಪ ಕಣದಲ್ಲಿದಾರೆ. ಮಾತಾಡೋದಿದ್ರೆ ಈಗ್ಲೇ ಹೋಗಿ. ಹೊತ್ತು ಮುಳುಗಿದ ಮೇಲೆ ನಮ್ಮನೇಲಿ ಎಲೆ ಹಾಕೋಲ್ಲ."

"ಊಟಕ್ಕೂ ನಿಲ್ಲಬೇಕಾ?"

"ಮತ್ತೆ? ಬರೀ ಹೊಟ್ಟೇಲಿ ಹೆಣ್ಣು ಕೇಳ್ತಾರಾ ಯಾರಾದ್ರೂ?"

ಶಾಂತರಾಜ ಕಣದ ಕಡೆ ಓಡಿದ.